ಒಳ್ಳೆ ಕೆಲಸ ಮಾಡಿದ ಅಧ್ಯಕ್ಷರು ಖಾಸಗಿ ತಪ್ಪಿಗೆ ಕುರ್ಚಿ ಬಿಡಬೇಕಾ?

ಸಮಿತಿಯಲ್ಲೊಬ್ಬಳು:

ಎಲ್ಲರಿಗೂ ನಮಸ್ಕಾರ. ತುಂಬಾ ಯೋಚನೆ ಮಾಡಿ ಇದನ್ನು ಬರೆಯುತ್ತಿದ್ದೇನೆ. ನಾನು ಒಂದು ಸಂಘದ ಹದಿಮೂರು ಜನರ ಕಾರ್ಯಕಾರಿ ಸಮಿತಿಯಲ್ಲಿದ್ದೇನೆ. ಯಾವ ಸಂಘ, ಎಲ್ಲಿಯದು ಅಂತ ಹೇಳುವ ಹಾಗಿಲ್ಲ. ನಮ್ಮ ಅಧ್ಯಕ್ಷರು ಒಂಬತ್ತು ವರ್ಷದಿಂದ ಆ ಸ್ಥಾನದಲ್ಲಿದ್ದಾರೆ. ಅವರು ಬಂದಾಗ ಸಂಘ ಮುಚ್ಚಿಹೋಗುವ ಸ್ಥಿತಿಯಲ್ಲಿತ್ತು. ಸಾಲ ತೀರಿಸಿದರು. ಲೆಕ್ಕಪತ್ರ ಸರಿ ಮಾಡಿದರು. ಹಣದ ವಿಚಾರದಲ್ಲಿ ಇವತ್ತಿಗೂ ಯಾರೂ ಅವರ ಕಡೆ ಬೆರಳು ತೋರಿಸುವ ಹಾಗಿಲ್ಲ.

ಕಳೆದ ತಿಂಗಳು ಒಂದು ವಿಷಯ ಹೊರಬಿತ್ತು. ಸಂಘದ ಕಚೇರಿಯಲ್ಲಿ ಕೆಲಸಕ್ಕಿದ್ದ ಒಬ್ಬ ಹುಡುಗಿಯ ಜೊತೆ ಅವರಿಗೆ ಒಂದೂವರೆ ವರ್ಷ ಸಂಬಂಧ ಇತ್ತು. ಅವರಿಗೆ ಮದುವೆಯಾಗಿದೆ, ಮಕ್ಕಳಿದ್ದಾರೆ. ಬಲವಂತ ಇತ್ತು ಅಂತ ಆಕೆ ಹೇಳಿಲ್ಲ. ಸಮಿತಿ ಮೊದಲ ಸಲ ಕೇಳಿದಾಗ ಅಧ್ಯಕ್ಷರು ‘ಅಂಥದ್ದೇನೂ ಇಲ್ಲ’ ಅಂದರು. ಎರಡು ವಾರ ಕಳೆದ ಮೇಲೆ ಒಪ್ಪಿಕೊಂಡರು.

ಬರುವ ಭಾನುವಾರ ಸಭೆ ಇದೆ. ಅವರು ಇರಬೇಕೋ ಹೋಗಬೇಕೋ ಅಂತ ಮತಕ್ಕೆ ಹಾಕುತ್ತಾರೆ. ಅದರಲ್ಲಿ ನನ್ನದೂ ಒಂದು ಮತ. ಅವರ ಬಗ್ಗೆ ನನಗೆ ನಿಜವಾದ ಗೌರವ ಇದೆ. ಕಷ್ಟ ಇರುವುದೇ ಅಲ್ಲಿ. ಮನೆಯೊಳಗಿನ ತಪ್ಪಿಗೆ ಸಂಘದಲ್ಲಿ ಶಿಕ್ಷೆ ಕೊಡುವುದು ಸರಿಯಾ? ನಿಮ್ಮ ಅಭಿಪ್ರಾಯ ಬೇಕು. ದಯವಿಟ್ಟು ಬೈದಾಟ ಬೇಡ.

ದಾರಿಹೋಕ:

ನಾನು ನೇರವಾಗಿ ಹೇಳುತ್ತೇನೆ, ಅವರು ಇರಬೇಕು. ನೀವು ಅವರನ್ನು ಆರಿಸಿದ್ದು ಸಂಘ ನಡೆಸಲಿಕ್ಕೆ. ಅದನ್ನು ಚೆನ್ನಾಗಿ ಮಾಡಿದ್ದಾರೆ. ಹೆಂಡತಿಗೆ ಮೋಸ ಮಾಡಿದ್ದಾರೆ, ನಿಜ. ಆ ಲೆಕ್ಕ ಕೇಳುವ ಹಕ್ಕು ಹೆಂಡತಿಗಿದೆ. ಹದಿಮೂರು ಜನರ ಸಮಿತಿಗೆ ಎಲ್ಲಿಂದ ಬಂತು?

ಫ್ರಾನ್ಸಿನ ಮಿತ್ತರಾಂ ಅವರನ್ನೇ ನೋಡಿ. 1981ರಿಂದ 1995ರವರೆಗೆ ಅಧ್ಯಕ್ಷರಾಗಿದ್ದರು. ಅವರಿಗೆ ಎರಡನೇ ಸಂಸಾರ ಇತ್ತು, ಮಗಳಿದ್ದಳು. 1994ರಲ್ಲಿ ಒಂದು ಪತ್ರಿಕೆ ಅದನ್ನು ಬಯಲು ಮಾಡಿತು. ಜನ ಕುರ್ಚಿ ಬಿಡಿ ಅಂತ ಕೂಗಲಿಲ್ಲ. 1996ರಲ್ಲಿ ಅವರ ಅಂತ್ಯಸಂಸ್ಕಾರಕ್ಕೆ ಎರಡೂ ಮನೆಯವರು ಬಂದು ನಿಂತರು. ಅಮೆರಿಕದಲ್ಲಿ ಅಧ್ಯಕ್ಷ ಕ್ಲಿಂಟನ್ ಮೇಲೆ ಒಂದು ಸಂಬಂಧದ ಗಲಾಟೆಯಲ್ಲಿ 1998ರಲ್ಲಿ ಮಹಾಭಿಯೋಗ ನಡೆಯಿತು. ಅದೇ ವಾರದ ಗ್ಯಾಲಪ್ ಸಮೀಕ್ಷೆಯಲ್ಲಿ ನೂರಕ್ಕೆ 73 ಜನ ಅವರ ಕೆಲಸ ಚೆನ್ನಾಗಿದೆ ಅಂದರು. ಮನೆ ಬೇರೆ, ಕಚೇರಿ ಬೇರೆ ಅಂತ ಜನರಿಗೆ ಗೊತ್ತಿದೆ.

ಒಳ್ಳೆ ಅಧ್ಯಕ್ಷರನ್ನು ಕಳೆದುಕೊಂಡು ನಾಳೆ ಸಂಘ ಮತ್ತೆ ಸಾಲಕ್ಕೆ ಬಿದ್ದರೆ ಯಾರು ಹೊಣೆ? ನೆಗಡಿ ಬಂತು ಅಂತ ಮೂಗು ಕೊಯ್ದುಕೊಳ್ಳಬೇಡಿ.

ನೇರ ಮಾತು:

ನಾನು ಒಪ್ಪಲ್ಲ. ಅಗ್ನಿ ಸಾಕ್ಷಿಯಾಗಿ ಕೊಟ್ಟ ಮಾತನ್ನೇ ಮುರಿದವರು ಸಂಘದ ಮುಂದೆ ಕೊಟ್ಟ ಮಾತು ಉಳಿಸಿಕೊಳ್ಳುತ್ತಾರಾ? ಗುಣ ಅನ್ನುವುದು ಒಂದೇ. ಮನೆಗೊಂದು, ಕಚೇರಿಗೊಂದು ಇರುವುದಿಲ್ಲ. ಮೇಲೆ ಕೂತವರನ್ನು ನೋಡಿ ಕೆಳಗಿನವರು ಕಲಿಯುತ್ತಾರೆ. ಇವತ್ತು ಬಿಟ್ಟರೆ ನಾಳೆ ಸಂಘದಲ್ಲಿ ಯಾರಿಗೂ ಬುದ್ಧಿ ಹೇಳುವ ಮುಖ ನಿಮಗಿರುವುದಿಲ್ಲ. ಅಧ್ಯಕ್ಷರು ಅವತ್ತೇ ರಾಜೀನಾಮೆ ಕೊಡಬೇಕಿತ್ತು.

ಚರಿತ್ರೆ ಮೇಷ್ಟ್ರು:

ಇಬ್ಬರ ಮಾತಿನಲ್ಲೂ ಅರ್ಧ ಕಥೆ ಬಿಟ್ಟುಹೋಗಿದೆ. ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೊದಲು ದಾರಿಹೋಕ ಅವರಿಗೆ. ಮಿತ್ತರಾಂ ಅವರ ಗುಟ್ಟು ಅಷ್ಟು ವರ್ಷ ಹೇಗೆ ಉಳಿಯಿತು? ಆ ಎರಡನೇ ಸಂಸಾರ ಇದ್ದದ್ದು ಸರ್ಕಾರದ ಮನೆಯಲ್ಲಿ. ಕಾವಲು ಸರ್ಕಾರದ್ದು. ಅಧ್ಯಕ್ಷರ ಅರಮನೆಯಲ್ಲಿ ಭಯೋತ್ಪಾದನೆ ತಡೆಯಲು ಅಂತ ಒಂದು ತಂಡ ಇತ್ತು. 1983ರಿಂದ 1986ರವರೆಗೆ ಆ ತಂಡ ಪತ್ರಕರ್ತರ, ಲೇಖಕರ ಫೋನ್ ಕದ್ದು ಕೇಳಿತು. ಮಗಳ ವಿಷಯ ಬರೆಯುತ್ತೇನೆ ಅಂದಿದ್ದ ಒಬ್ಬ ಲೇಖಕರ ಫೋನೂ ಅದರಲ್ಲಿತ್ತು. 2005ರಲ್ಲಿ ಅಲ್ಲಿನ ನ್ಯಾಯಾಲಯ ಆ ತಂಡದ ಹಲವರನ್ನು ತಪ್ಪಿತಸ್ಥರು ಅಂತ ತೀರ್ಪು ಕೊಟ್ಟಿತು. ಆ ಹೊತ್ತಿಗೆ ಮಿತ್ತರಾಂ ತೀರಿಹೋಗಿದ್ದರು. ಮಗಳು ಹುಟ್ಟಿದ್ದು ಖಾಸಗಿ ವಿಷಯ. ಅದನ್ನು ಮುಚ್ಚಲು ಬೇರೆಯವರ ಫೋನಿಗೆ ಕಿವಿ ಇಟ್ಟದ್ದು ಖಾಸಗಿಯಾ? ಅದು ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಇನ್ನು ನೇರ ಮಾತು ಅವರಿಗೆ. ಗುಣ ಒಂದೇ ಅನ್ನುತ್ತೀರಿ. ಚರಿತ್ರೆ ಹಾಗೆ ಹೇಳುವುದಿಲ್ಲ. 1884ರ ಅಮೆರಿಕದ ಚುನಾವಣೆ ನೋಡಿ. ಒಂದು ಕಡೆ ಗ್ರೋವರ್ ಕ್ಲೀವ್‌ಲ್ಯಾಂಡ್. ಮದುವೆಯಿಲ್ಲದೆ ಮಗು ಆಗಿದೆ ಅಂತ ಆರೋಪ ಬಂತು. ಅದನ್ನು ಅವರು ಅಲ್ಲಗಳೆಯಲಿಲ್ಲ. ಸತ್ಯ ಹೇಳಿ ಅಂತ ತಮ್ಮ ಕಡೆಯವರಿಗೆ ತಂತಿ ಕಳಿಸಿದರು. ಇನ್ನೊಂದು ಕಡೆ ಜೇಮ್ಸ್ ಬ್ಲೇನ್. ಸಂಸಾರ ಅಚ್ಚುಕಟ್ಟು. ಆದರೆ ರೈಲು ಕಂಪನಿಗಳಿಂದ ಲಾಭ ಮಾಡಿಕೊಂಡ ಆರೋಪ ಬೆನ್ನಿಗಿತ್ತು. ಜನ ಕ್ಲೀವ್‌ಲ್ಯಾಂಡ್ ಅವರನ್ನು ಆರಿಸಿದರು. ಮನೆಯಲ್ಲಿ ಎಡವಿದವರು ಕಚೇರಿಯಲ್ಲಿ ನೆಟ್ಟಗಿರಬಹುದು. ಮನೆಯಲ್ಲಿ ನೆಟ್ಟಗಿದ್ದವರು ಖಜಾನೆಗೆ ಕೈ ಹಾಕಬಹುದು. ಎರಡನ್ನೂ ನೋಡಿದ್ದೇವೆ.

ಅದಕ್ಕೇ ನನ್ನ ಪ್ರಶ್ನೆ ಬೇರೆ. ತಪ್ಪು ಎಷ್ಟು ದೊಡ್ಡದು ಅಂತ ನಾನು ಕೇಳುವುದಿಲ್ಲ. ಆ ತಪ್ಪು ಮಾಡಲು, ಇಲ್ಲವೇ ಮುಚ್ಚಲು, ಕುರ್ಚಿಯ ಬಲ ಬಳಸಿದರಾ? ಸಮಿತಿ ಇದನ್ನು ನೋಡಬೇಕು.

ಹಳೇ ಟೈಪಿಸ್ಟ್:

ಮೇಷ್ಟ್ರೇ, ನಿಮ್ಮ ಪ್ರಶ್ನೆ ಸರಿಯಾಗಿದೆ. ಆದರೆ ಕ್ಲೀವ್‌ಲ್ಯಾಂಡ್ ಕಥೆಯಲ್ಲಿ ನೀವೂ ಅರ್ಧ ಬಿಟ್ಟಿರಿ. ಆ ಮಗುವಿನ ತಾಯಿ ಮರಿಯಾ ಹಾಲ್ಪಿನ್. ಮಗುವನ್ನು ಅವರಿಂದ ಬೇರೆ ಮಾಡಿದರು. ಅವರನ್ನು ಹುಚ್ಚಾಸ್ಪತ್ರೆಗೆ ಸೇರಿಸಿದರು. ಕೆಲವೇ ದಿನದಲ್ಲಿ ಅಲ್ಲಿಂದ ಹೊರಬಂದರು. 1884ರಲ್ಲಿ ಅವರು ಪ್ರಮಾಣ ಮಾಡಿ ಕೊಟ್ಟ ಹೇಳಿಕೆಯಲ್ಲಿ ಬಲವಂತ ನಡೆದಿತ್ತು ಅಂದಿದ್ದಾರೆ. ನೂರು ವರ್ಷ ಎಲ್ಲರೂ ‘ಸತ್ಯ ಹೇಳಿದ ನಾಯಕ’ ಅಂತ ಆ ಕಥೆ ಹೇಳಿದರು. ಮರಿಯಾ ಅವರ ಹೆಸರನ್ನು ಎಷ್ಟು ಜನ ಹೇಳಿದರು? ‘ಖಾಸಗಿ ವಿಷಯ’ ಅಂದ ತಕ್ಷಣ ಒಬ್ಬಳು ಹೆಂಗಸು ಲೆಕ್ಕದಿಂದ ಹೊರಗೆ ಹೋಗಿಬಿಡುತ್ತಾಳೆ. ನನಗೆ ಇದು ತುಂಬಾ ನೋವು ಕೊಡುತ್ತದೆ.

ನಾನು ಮೂವತ್ತೊಂದು ವರ್ಷ ಕಚೇರಿಯಲ್ಲಿ ದುಡಿದವಳು. ಒಂದು ಸಲ ಅಮ್ಮನಿಗೆ ಹುಷಾರಿಲ್ಲ ಅಂತ ರಜೆ ಕೇಳಲು ಮೇಲಿನವರ ಕೋಣೆಗೆ ಹೋದೆ. ಕೂತ್ಕೊಳ್ಳಿ ಅಂದರು. ಸಂಜೆ ಹೊರಗೆ ಎಲ್ಲಾದರೂ ಹೋಗೋಣವಾ ಅಂದರು. ಮುಟ್ಟಲಿಲ್ಲ, ಗದರಲಿಲ್ಲ. ನನ್ನ ರಜೆ ಅರ್ಜಿ ಮಾತ್ರ ಅವರ ಕೈಯಲ್ಲೇ ಇತ್ತು. ನಾನು ನಕ್ಕೆ. ಹೆದರಿಕೆಗೆ ಬಂದ ನಗು ಅದು. ಯಾರಾದರೂ ನೋಡಿದ್ದರೆ ‘ಅವಳಿಗೂ ಇಷ್ಟ ಇತ್ತು’ ಅಂತಲೇ ಹೇಳುತ್ತಿದ್ದರು.

ಕ್ಲಿಂಟನ್ ಕಥೆಯೂ ಅಷ್ಟೇ. ಅವರಿಗೆ 49 ವರ್ಷ, ದೇಶದ ಅಧ್ಯಕ್ಷರು. ಮೋನಿಕಾ ಲೆವಿನ್‌ಸ್ಕಿಗೆ 22, ಅಲ್ಲಿ ತರಬೇತಿಗೆ ಬಂದವರು. ಇಷ್ಟಪಟ್ಟೇ ನಡೆದದ್ದು ಅಂತ ಅವರೇ ಬಹಳ ವರ್ಷ ಹೇಳಿದರು. 2018ರಲ್ಲಿ ಮತ್ತೆ ಬರೆದರು. ಅಧಿಕಾರದಲ್ಲಿ ಅಷ್ಟು ಅಂತರ ಇದ್ದಾಗ ಒಪ್ಪಿಗೆ ಅನ್ನುವ ಮಾತಿಗೆ ಎಷ್ಟು ಅರ್ಥ ಇದೆ ಅಂತ ಈಗ ಯೋಚಿಸುತ್ತಿದ್ದೇನೆ, ಅದು ಅಧಿಕಾರದ ದುರುಪಯೋಗವೇ ಆಗಿತ್ತು ಅಂದರು. ಕ್ಲಿಂಟನ್ ತಮ್ಮ ಅವಧಿ ಪೂರ್ತಿ ಮುಗಿಸಿದರು. ಮೋನಿಕಾ ಅವರಿಗೆ ಎಷ್ಟೋ ವರ್ಷ ಎಲ್ಲೂ ನೆಮ್ಮದಿಯಾಗಿ ಕೆಲಸ ಸಿಗಲಿಲ್ಲ.

ಸಮಿತಿಯ ತಂಗೀ, ನಿನ್ನ ಬರಹದಲ್ಲಿ ಒಂದು ಮಾತು ನನ್ನನ್ನು ಚುಚ್ಚಿತು. ‘ಕೆಲಸಕ್ಕಿದ್ದ’ ಹುಡುಗಿ ಅಂದಿದ್ದೀಯ. ಈಗ ಇಲ್ಲವಾ? ಯಾಕೆ ಇಲ್ಲ? ಆ ಹುಡುಗಿಯ ಕೆಲಸದ ಕಾಗದಗಳಿಗೆ ಸಹಿ ಹಾಕುತ್ತಿದ್ದದ್ದು ಯಾರು?

ದಾರಿಹೋಕ:

ಅಕ್ಕ, ನಿಮ್ಮ ಅನುಭವ ಓದಿ ಸುಮ್ಮನಾದೆ. ಸಹಿಯ ವಿಷಯ ನಾನು ಯೋಚಿಸಿರಲಿಲ್ಲ. ಹೊರಗಿನವರ ಜೊತೆ ಸಂಬಂಧ ಇದ್ದಿದ್ದರೆ ಇದು ಅವರ ಮನೆ ವಿಷಯ ಅಂತ ಈಗಲೂ ಹೇಳುತ್ತೇನೆ. ಕೈಕೆಳಗಿನವರಾದರೆ ಬೇರೆ. ಅದನ್ನು ಒಪ್ಪುತ್ತೇನೆ.

ಮಳೆಬಿಲ್ಲು:

ಇಲ್ಲಿ ಇನ್ನೊಂದು ಮಾತು ಸೇರಿಸಬೇಕು ಅನ್ನಿಸಿತು. ನಾವು ಯಾವುದನ್ನು ತಪ್ಪು ಅಂತ ಕರೆಯುತ್ತೇವೆ ಅನ್ನುವುದನ್ನೂ ನೋಡಬೇಕು. 2022ರಲ್ಲಿ ಫಿನ್ಲೆಂಡಿನ ಪ್ರಧಾನಿ ಸಾನಾ ಮಾರಿನ್ ಗೆಳೆಯರ ಜೊತೆ ಕುಣಿದ ವಿಡಿಯೊ ಹರಿದಾಡಿತು. ಅಷ್ಟಕ್ಕೇ ಎಷ್ಟು ಗಲಾಟೆ! ಮಾದಕ ವಸ್ತುವಿನ ಪರೀಕ್ಷೆ ಮಾಡಿಸಿಕೊಂಡು, ಏನೂ ಇಲ್ಲ ಅಂತ ತೋರಿಸಬೇಕಾಯಿತು. ಅವರು ಯಾರಿಗೂ ಕೇಡು ಮಾಡಿರಲಿಲ್ಲ. ಯಾವ ನಿಯಮವನ್ನೂ ಮುರಿದಿರಲಿಲ್ಲ. ನಮಗೆ ಇಷ್ಟವಾಗದ ಬದುಕನ್ನೆಲ್ಲ ತಪ್ಪು ಅಂತ ಕರೆದರೆ ಮೊದಲು ಏಟು ತಿನ್ನುವವರು ಹೆಂಗಸರು, ಚಿಕ್ಕ ವಯಸ್ಸಿನವರು. ‘ಮೇಲೆ ಕೂತವರು ಮಾದರಿ ಆಗಿರಬೇಕು’ ಅನ್ನುವವರು ಇದನ್ನೂ ಯೋಚಿಸಿ.

ನೇರ ಮಾತು:

ಕುಣಿಯುವುದು ತಪ್ಪು ಅಂತ ನಾನು ಹೇಳಿಲ್ಲ. ಮಾತು ತಪ್ಪುವುದು ತಪ್ಪು ಅಂದೆ. ಈ ಅಧ್ಯಕ್ಷರು ಸಮಿತಿಯ ಮುಂದೆಯೇ ಸುಳ್ಳು ಹೇಳಿದ್ದಾರೆ. ಅದರ ಬಗ್ಗೆ ಯಾರೂ ಮಾತಾಡುತ್ತಿಲ್ಲ.

ಕಪ್ಪುಕೋಟು:

ನೇರ ಮಾತು ಅವರು ಹೇಳಿದ ಸುಳ್ಳಿನಿಂದಲೇ ಶುರು ಮಾಡುತ್ತೇನೆ. ನಾನು ವಕೀಲ.

ಬ್ರಿಟನ್ನಿನ ಯುದ್ಧ ಖಾತೆ ಮಂತ್ರಿ ಜಾನ್ ಪ್ರೊಫ್ಯೂಮೊ ಅವರ ಸಂಬಂಧದ ಬಗ್ಗೆ 1963ರ ಮಾರ್ಚ್‌ನಲ್ಲಿ ಗುಸುಗುಸು ಎದ್ದಿತು. ಅನುಚಿತವಾದದ್ದು ಏನೂ ನಡೆದಿಲ್ಲ ಅಂತ ಸಂಸತ್ತಿನಲ್ಲಿ ನಿಂತು ಹೇಳಿದರು. ಜೂನ್‌ನಲ್ಲಿ ಸುಳ್ಳು ಹೇಳಿದ್ದೆ ಅಂತ ಒಪ್ಪಿ ರಾಜೀನಾಮೆ ಕೊಟ್ಟರು. ಅದೇ ದೇಶದ ಕ್ರಿಸ್ ಹ್ಯೂನ್ ಅವರದು ಇನ್ನೂ ಚಿಕ್ಕ ತಪ್ಪು. 2003ರಲ್ಲಿ ಕಾರು ವೇಗವಾಗಿ ಓಡಿಸಿದ್ದರು. ದಂಡ ಕಟ್ಟಿ, ಕೆಲವು ತಿಂಗಳು ಕಾರು ಮುಟ್ಟದಿದ್ದರೆ ಮುಗಿಯುತ್ತಿತ್ತು. ಆ ತಪ್ಪನ್ನು ಹೆಂಡತಿಯ ಹೆಸರಿಗೆ ಹಾಕಿಸಿದರು. ಹತ್ತು ವರ್ಷದ ನಂತರ, 2013ರಲ್ಲಿ, ನ್ಯಾಯದ ದಾರಿ ತಪ್ಪಿಸಿದ್ದಕ್ಕೆ ಎಂಟು ತಿಂಗಳ ಶಿಕ್ಷೆ ಆಯಿತು. ಅಷ್ಟರಲ್ಲಿ ಮಂತ್ರಿ ಪದವಿ, ಸಂಸತ್ ಸ್ಥಾನ ಎರಡೂ ಹೋಗಿದ್ದವು. ಪ್ರಶ್ನೆ ಕೇಳುವ ಹಕ್ಕು ಇರುವವರ ಮುಂದೆ ಸುಳ್ಳು ಹೇಳಿದರೆ ಅದು ಕಚೇರಿಯ ತಪ್ಪೇ. ನಾಳೆ ಲೆಕ್ಕದ ಬಗ್ಗೆ ಕೇಳಿದಾಗ ಅವರ ‘ಇಲ್ಲ’ ಅನ್ನುವ ಮಾತಿಗೆ ಏನು ಬೆಲೆ?

ಇನ್ನು ಆತುರದ ವಿಷಯ. ಆರೋಪ ಬಂದ ಕೂಡಲೇ ಕಿತ್ತುಹಾಕಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಜರ್ಮನಿಯ ಅಧ್ಯಕ್ಷ ಕ್ರಿಸ್ಟಿಯಾನ್ ವುಲ್ಫ್ ಅವರು ಅನುಕೂಲ ಮಾಡಿಸಿಕೊಂಡ ಆರೋಪಕ್ಕೆ 2012ರಲ್ಲಿ ರಾಜೀನಾಮೆ ಕೊಟ್ಟರು. 2014ರಲ್ಲಿ ನ್ಯಾಯಾಲಯ ನಿರ್ದೋಷಿ ಅಂದಿತು. ಕುರ್ಚಿ ವಾಪಸ್ ಬರಲಿಲ್ಲ. ಹಾಗಂತ ತೀರ್ಪು ಬರುವವರೆಗೂ ಅಲ್ಲೇ ಕೂತಿರಿ ಅನ್ನುವುದೂ ಸರಿಯಲ್ಲ. ಇಸ್ರೇಲಿನ ಅಧ್ಯಕ್ಷ ಮೋಶೆ ಕತ್ಸಾವ್ ಮೇಲೆ ಕೈಕೆಳಗಿನ ಹೆಂಗಸರು ದೂರು ಕೊಟ್ಟಾಗ ಅವರು 2007ರ ಜನವರಿಯಲ್ಲಿ ಕೆಲಸದಿಂದ ದೂರ ಸರಿದರು. ಅದೇ ವರ್ಷ ರಾಜೀನಾಮೆ ಕೊಟ್ಟರು. ಅತ್ಯಾಚಾರದ ತೀರ್ಪು ಬಂದದ್ದು 2010ರ ಕೊನೆಗೆ. ಏಳು ವರ್ಷ ಜೈಲಾಯಿತು. ಮೊದಲು ದೂರ ಸರಿಸಿ, ಆಮೇಲೆ ವಿಚಾರಣೆ ಮಾಡಿ. ಸಾಕ್ಷಿ ಹೇಳುವವರು ಅದೇ ಕಾರಿಡಾರಿನಲ್ಲಿ ಅವರ ಎದುರು ನಡೆಯಬೇಕಾದರೆ ಬಾಯಿ ಬಿಡುತ್ತಾರಾ?

ಕುರ್ಚಿ ಹೋಗುವುದು ಜೈಲಿಗೆ ಹೋದ ಹಾಗಲ್ಲ. ಜೈಲಿಗೆ ಹಾಕಲು ಅನುಮಾನಕ್ಕೆ ಎಡೆಯಿಲ್ಲದಂಥ ಸಾಕ್ಷಿ ಬೇಕು. ಅಧ್ಯಕ್ಷ ಸ್ಥಾನ ಯಾರ ಆಸ್ತಿಯೂ ಅಲ್ಲ. ನಂಬಿ ಕೊಟ್ಟದ್ದು. ಕಾನೂನು ಎಳೆಯುವ ಗೆರೆ ಎಲ್ಲಕ್ಕಿಂತ ಕೆಳಗಿನದು. ನಮ್ಮಲ್ಲಿ ಎರಡು ವರ್ಷ ಅಥವಾ ಜಾಸ್ತಿ ಶಿಕ್ಷೆಯಾದರೆ ಶಾಸಕ, ಸಂಸದರ ಸ್ಥಾನ ಹೋಗುತ್ತದೆ. ಮೇಲ್ಮನವಿ ಹಾಕಿ ಅಲ್ಲೇ ಕೂರುವ ರಕ್ಷಣೆಯನ್ನು 2013ರಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿತು. ‘ಶಿಕ್ಷೆ ಆಗಿಲ್ಲ, ಅದಕ್ಕೇ ಯೋಗ್ಯ’ ಅಂತ ಆ ಕಾನೂನು ಎಲ್ಲೂ ಹೇಳುವುದಿಲ್ಲ.

ಸಭೆಗೆ ಮುಂಚೆ ಮೂರು ಕೆಲಸ ಮಾಡಿ. ಅಧ್ಯಕ್ಷರಿಂದ ಬರವಣಿಗೆಯಲ್ಲಿ ಉತ್ತರ ತೆಗೆದುಕೊಳ್ಳಿ. ಅವರ ಮಾತು ಕೇಳದೆ ಮತ ಹಾಕಬೇಡಿ. ಆ ಹುಡುಗಿಯ ಸೇವಾ ಕಡತ ತರಿಸಿ, ಪೂರ್ತಿ ಓದಿ.

ಸಮಿತಿಯಲ್ಲೊಬ್ಬಳು:

ಕಡತ ಓದಿದೆ. ಕೈ ನಡುಗುತ್ತಿದೆ.

ಆಕೆಯದು ಒಂದೊಂದು ವರ್ಷಕ್ಕೆ ಮಾಡಿಕೊಳ್ಳುವ ಒಪ್ಪಂದದ ಕೆಲಸ. ಕಳೆದ ವರ್ಷ ನವೀಕರಣ ಮಾಡಿದ್ದು ಅಧ್ಯಕ್ಷರು. ಸಂಬಳವೂ ಏರಿತ್ತು. ಅದೇ ಹುದ್ದೆಯಲ್ಲಿದ್ದ ಇನ್ನಿಬ್ಬರಿಗೆ ಏರಿರಲಿಲ್ಲ. ಸಂಬಂಧ ಮುರಿದದ್ದು ನಾಲ್ಕು ತಿಂಗಳ ಹಿಂದೆ, ಆಕೆಯೇ ಮುರಿದದ್ದು. ಅದಾದ ಐದು ವಾರಕ್ಕೆ ‘ಸೇವೆ ಮುಂದುವರಿಸುವ ಅಗತ್ಯವಿಲ್ಲ’ ಅಂತ ಟಿಪ್ಪಣಿ ಇದೆ. ಕಾರಣ ಬರೆದಿಲ್ಲ. ಕೆಳಗೆ ಅಧ್ಯಕ್ಷರ ಸಹಿ. ಸಮಿತಿಯ ಮುಂದೆ ಇದು ಬಂದೇ ಇಲ್ಲ.

ಹೊಸಬರನ್ನು ತೆಗೆದುಕೊಳ್ಳುವಾಗ ನಾನೂ ಸಂದರ್ಶನಕ್ಕೆ ಕೂತಿದ್ದೆ. ಮೊದಲಿದ್ದ ಹುಡುಗಿ ಎಲ್ಲಿ ಅಂತ ನಾನು ಒಂದು ಮಾತು ಕೇಳಲಿಲ್ಲ. ಅಕ್ಕ, ನೀವು ನನ್ನ ಬರಹದ ಒಂದು ಪದದಿಂದ ಹಿಡಿದಿರಿ. ನಾನು ಪಕ್ಕದಲ್ಲೇ ಇದ್ದು ನೋಡಲಿಲ್ಲ.

ಚರಿತ್ರೆ ಮೇಷ್ಟ್ರು:

ಇದಕ್ಕೆ ತೀರಾ ಹತ್ತಿರದ ಎರಡು ಪ್ರಸಂಗ ಹೇಳುತ್ತೇನೆ. ವಿಶ್ವ ಬ್ಯಾಂಕಿನ ಅಧ್ಯಕ್ಷ ಪಾಲ್ ವುಲ್ಫೊವಿಟ್ಜ್ ಅವರ ಸಂಗಾತಿ ಅದೇ ಬ್ಯಾಂಕಿನ ಉದ್ಯೋಗಿ. ಸಂಬಂಧವನ್ನು ಅವರು ಬ್ಯಾಂಕಿಗೆ ಮೊದಲೇ ತಿಳಿಸಿದ್ದರು, ಕುರ್ಚಿಗೆ ಕುತ್ತು ಬಂದದ್ದು ಅದರಿಂದಲ್ಲ. ಆಕೆಯನ್ನು ಬೇರೆ ಕಡೆ ಕಳಿಸುವಾಗ ಸಂಬಳ ಹೆಚ್ಚಿಸಲು ಅವರೇ ಹೇಳಿದ್ದರು ಅನ್ನುವುದು ಹೊರಬಂದಾಗ 2007ರಲ್ಲಿ ಕೆಲಸ ಬಿಡಬೇಕಾಯಿತು.

ಎರಡನೆಯದು ಅಂತರರಾಷ್ಟ್ರೀಯ ಹಣಕಾಸು ನಿಧಿ. ಅದರ ಮುಖ್ಯಸ್ಥ ಸ್ಟ್ರಾಸ್ ಕಾನ್ ಅವರಿಗೆ ಸಂಸ್ಥೆಯ ಒಬ್ಬ ಅರ್ಥಶಾಸ್ತ್ರಜ್ಞೆಯ ಜೊತೆ ಸಂಬಂಧ ಇತ್ತು. 2008ರಲ್ಲಿ ತನಿಖೆ ಆಯಿತು. ಒಪ್ಪಿಗೆಯಿಂದ ನಡೆದದ್ದು, ಅಧಿಕಾರದ ದುರುಪಯೋಗ ಇಲ್ಲ, ವಿವೇಚನೆ ತಪ್ಪಿದೆ ಅಷ್ಟೇ ಅಂತ ಬಿಟ್ಟರು. ಆಕೆ ತನಿಖೆಯವರಿಗೆ ಬರೆದ ಪತ್ರದಲ್ಲಿ ಬೇರೆಯೇ ದನಿ ಇತ್ತು. ಒಪ್ಪಿದರೂ ಕಷ್ಟ, ಒಪ್ಪದಿದ್ದರೂ ಕಷ್ಟ ಅನ್ನುವ ಸ್ಥಿತಿಯಲ್ಲಿದ್ದೆ ಅಂದಿದ್ದರು. ಆಕೆ ಅಷ್ಟರಲ್ಲಿ ಸಂಸ್ಥೆ ಬಿಟ್ಟಿದ್ದರು. ಅವರು ಅಲ್ಲೇ ಉಳಿದರು.

ನಿಮ್ಮ ಕಡತದಲ್ಲಿ ಈ ಎರಡೂ ಇವೆ. ಮೊದಲು ಏರಿಸಿದ ಸಹಿ, ಆಮೇಲೆ ಕಳಿಸಿದ ಸಹಿ. ಇದನ್ನು ಖಾಸಗಿ ಅನ್ನಲು ನನಗೆ ಬಾಯಿ ಬರುವುದಿಲ್ಲ.

ದಾರಿಹೋಕ:

ನಾನು ಮೊದಲು ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಅವರು ಹೋಗಬೇಕು. ಒಂದೇ ಒಂದು ಕೋರಿಕೆ. ಹೋಗುವವರನ್ನು ಬೀದಿಗೆ ಎಳೆಯಬೇಡಿ. ಅವರ ಹೆಂಡತಿ ಮಕ್ಕಳು ಏನೂ ಮಾಡಿಲ್ಲ.

ಒಂಬತ್ತು ವರ್ಷದ ದುಡಿಮೆ ಸುಳ್ಳಾಗುವುದಿಲ್ಲ. ಪ್ರೊಫ್ಯೂಮೊ ಕಥೆಯ ಮುಂದಿನ ಭಾಗ ನನಗೆ ತುಂಬಾ ಇಷ್ಟ. ಪದವಿ ಬಿಟ್ಟ ಮೇಲೆ ಲಂಡನ್ನಿನ ಪೂರ್ವ ಭಾಗದ ಟಾಯ್ನ್‌ಬೀ ಹಾಲ್ ಅನ್ನುವ ಸೇವಾಸಂಸ್ಥೆಗೆ ಹೋದರು. ಅಲ್ಲಿ ಶೌಚಾಲಯ ತೊಳೆಯುವುದರಿಂದ ಶುರು ಮಾಡಿದರು. ದಶಕಗಳ ಕಾಲ ಸಂಬಳವಿಲ್ಲದೆ ಬಡವರಿಗಾಗಿ ದುಡಿದರು. ಮತ್ತೆ ಅಧಿಕಾರ ಕೇಳಲಿಲ್ಲ. ಕುರ್ಚಿ ಹೋದ ಮೇಲೂ ಮನುಷ್ಯ ಉಳಿಯಬಹುದು.

ನೇರ ಮಾತು:

ಈ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ.

ಹಳೇ ಟೈಪಿಸ್ಟ್:

ಅವರು ಹೋಗುವುದು, ಹೇಗೆ ಹೋಗುವುದು, ಮುಂದೆ ಏನಾಗುವುದು, ಎಲ್ಲ ಮಾತಾಡಿದೆವು. ತಂಗೀ, ಸಭೆಯಲ್ಲಿ ಆ ಹುಡುಗಿಯ ಕೆಲಸದ ವಿಷಯವನ್ನು ಮೊದಲನೇ ಠರಾವು ಮಾಡು. ಅಧ್ಯಕ್ಷರದು ಎರಡನೆಯದಾಗಲಿ. ಇಲ್ಲದಿದ್ದರೆ ಅವರ ವಿಷಯಕ್ಕೇ ನಾಲ್ಕು ಗಂಟೆ ಹೋಗುತ್ತದೆ. ಕೊನೆಗೆ ಎಲ್ಲರೂ ಸುಸ್ತಾಗಿ ಎದ್ದುಬಿಡುತ್ತಾರೆ.

ಸಮಿತಿಯಲ್ಲೊಬ್ಬಳು:

ಸಭೆ ಮುಗಿಯಿತು. ನಿನ್ನೆ ಬರೆಯಲು ಆಗಲಿಲ್ಲ.

ಅಕ್ಕ ಹೇಳಿದ ಹಾಗೇ ಮಾಡಿದೆ. ಕಾರಣ ಕೊಡದೆ ಯಾರ ಒಪ್ಪಂದವನ್ನೂ ನಿಲ್ಲಿಸಬಾರದು, ಆಕೆಯ ಆದೇಶ ರದ್ದು, ಬಾಕಿ ಸಂಬಳ ಕೊಡಬೇಕು ಅಂತ ಮೊದಲು ಠರಾವು ಇಟ್ಟೆ. ಇಬ್ಬರು ಸುಮ್ನೆ ಇದ್ದರು. ಉಳಿದವರೆಲ್ಲ ಕೈ ಎತ್ತಿದರು.

ಆಮೇಲೆ ಅಧ್ಯಕ್ಷರ ವಿಷಯ. ಕಪ್ಪುಕೋಟು ಅವರು ಹೇಳಿದಂತೆ ಬರವಣಿಗೆಯಲ್ಲಿ ಉತ್ತರ ತಂದಿದ್ದರು, ಓದಿದರು. ಸಂಬಂಧಕ್ಕೂ ಕೆಲಸಕ್ಕೂ ಸಂಬಂಧವಿಲ್ಲ ಅಂತ ಇತ್ತು. ನಾನು ಕಡತ ಅವರ ಮುಂದಿಟ್ಟೆ. ಐದು ವಾರದಲ್ಲಿ ಏನು ಬದಲಾಯಿತು ಸರ್ ಅಂತ ಕೇಳಿದೆ. ತುಂಬಾ ಹೊತ್ತು ನೋಡಿದರು. ‘ಅವಳು ದಿನಾ ಎದುರಿಗೆ ಇರುವುದು ನನಗೆ ಆಗುತ್ತಿರಲಿಲ್ಲ’ ಅಂದರು. ಅದಾದ ಮೇಲೆ ನಾನೂ ಏನೂ ಕೇಳಲಿಲ್ಲ. ಎಂಟು ಮತ ಹೋಗಬೇಕು ಅಂತ, ನಾಲ್ಕು ಇರಬೇಕು ಅಂತ. ನಾನು ಎಂಟರಲ್ಲಿ ಒಬ್ಬಳು. ಹೊರಗೆ ಬರುವಾಗ ಅವರು ನನಗೆ ನಮಸ್ಕಾರ ಮಾಡಿದರು. ನಾನೂ ಮಾಡಿದೆ. ಗೌರವ ಪೂರ್ತಿ ಹೋಗಿಲ್ಲ, ಸುಳ್ಳು ಹೇಳಲಾರೆ.

ಸಂಜೆ ಆ ಹುಡುಗಿಗೆ ಫೋನ್ ಮಾಡಿದೆ. ನನ್ನ ಕಡೆಯಿಂದ ತಪ್ಪಾಗಿದೆ, ಕೇಳಬೇಕಾದಾಗ ಕೇಳಲಿಲ್ಲ ಅಂದೆ. ಅವಳು ಅದಕ್ಕೆ ಏನೂ ಹೇಳಲಿಲ್ಲ. ‘ಇನ್ನು ಮೇಲೆ ನಮ್ಮ ಕಾಗದಕ್ಕೆಲ್ಲ ಯಾರು ಸಹಿ ಮಾಡ್ತಾರೆ ಮೇಡಂ?’ ಅಂತ ಕೇಳಿದಳು. ಒಬ್ಬರೇ ಅಲ್ಲ, ಮೂವರ ಉಪಸಮಿತಿ, ಅದರಲ್ಲಿ ಸಿಬ್ಬಂದಿಯವರೂ ಒಬ್ಬರು ಅಂದೆ. ವಾಪಸ್ ಬರುವುದನ್ನು ಯೋಚನೆ ಮಾಡಿ ಹೇಳ್ತೀನಿ ಅಂದಳು.

ಜಾಗ ಇಟ್ಟಿದ್ದೇವೆ.